ಶ್ರೀಲಂಕಾದಲ್ಲಿ ಊರವರ ಊಟ ಹುಡುಕುವ ಕ್ರಮ: ಸಮಗ್ರ ಮಾರ್ಗದರ್ಶಿ

ಶ್ರೀಲಂಕಾಕ್ಕೆ ಹೋಗಿಬಂದವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ಐದು ದಿನ ಇದ್ದೆವು, ಫ್ರೈಡ್ ರೈಸ್ ಬಿಟ್ಟು ಬೇರೇನೂ ಸಿಗಲಿಲ್ಲ. ಬೆಳಿಗ್ಗೆ ಹೋಟೆಲಿನ ಬ್ರೆಡ್ಡು-ಜಾಮು, ಮಧ್ಯಾಹ್ನ ವ್ಯಾನಿನೊಳಗೆ ಬಿಸ್ಕತ್ತು, ರಾತ್ರಿ ಎಂಟಕ್ಕೆ 'ರೈಸ್ ಅಂಡ್ ಕರಿ' ಹುಡುಕಾಟ. ಆ ಹೊತ್ತಿಗೆ ಆ ಅಡುಗೆ ಮುಗಿದು ಪಾತ್ರೆ ತೊಳೆದು ಬೋರಲು ಹಾಕಿ ಐದು ಗಂಟೆ ಆಗಿರುತ್ತದೆ. ಅಲ್ಲಿ ಪ್ರತಿ ತಿನಿಸಿಗೂ ಅದರದೇ ಹೊತ್ತಿದೆ. ಹೊತ್ತು ಹಿಡಿದರೆ ಅಂಗಡಿ ತಾನಾಗಿ ಕಾಣುತ್ತದೆ, ಹೊತ್ತು ತಪ್ಪಿದರೆ ಎಂಥ ಹೆಸರಾಂತ ಅಂಗಡಿಯೂ ಕೈಕೊಡುತ್ತದೆ. ಮುಂದಿನ ಹಂತಗಳನ್ನು ಈ ಕ್ರಮದಲ್ಲೇ ಮಾಡಿ.

## ಚೀಲದಲ್ಲಿ ಇರಬೇಕಾದದ್ದು

ಚಿಲ್ಲರೆ ಎಲ್ಲಕ್ಕಿಂತ ಮುಖ್ಯ. ವಿಮಾನ ನಿಲ್ದಾಣದಲ್ಲಿ ಕೈಗೆ ಬರುವುದು ಹೆಚ್ಚಾಗಿ 5,000ದ ನೋಟು. ಅದನ್ನು ಸಣ್ಣ ಊಟದಂಗಡಿಯಲ್ಲಿ ಚಾಚಿದರೆ ಮುಖ ಸಣ್ಣಗಾಗುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ನೀರಿನ ಬಾಟಲಿ ಕೊಂಡು 100, 500ರ ನೋಟು ಮಾಡಿಕೊಳ್ಳಿ. ನಮ್ಮ ಯುಪಿಐ 2024ರ ಫೆಬ್ರುವರಿಯಿಂದ ಅಲ್ಲಿಯೂ ಶುರುವಾಗಿದೆ, ಆದರೆ ಕ್ಯೂಆರ್ ಫಲಕ ಇರುವ ಕಡೆ ಮಾತ್ರ. ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಗೆ ಅದನ್ನು ನಂಬಿ ಹೋಗಬೇಡಿ.

ಎರಡನೆಯದು ಒಂದು ಚೀಟಿ. ಉಳಿದುಕೊಂಡ ಕಡೆ ಕೌಂಟರಿನಲ್ಲಿ ಕೂತವರಿಂದ ಸಿಂಹಳ ಮತ್ತು ತಮಿಳಿನಲ್ಲಿ ನಿಮ್ಮ ಪಥ್ಯವನ್ನು ಬರೆಸಿಕೊಳ್ಳಿ. ಏನು ಬರೆಸಬೇಕೆಂದು ಐದನೇ ಹಂತದಲ್ಲಿದೆ. ಇವುಗಳ ಜೊತೆಗೆ ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿ, ಕೈ ಒರೆಸುವ ಬಟ್ಟೆ, ನಾಲ್ಕು ಓಆರ್‌ಎಸ್ ಪೊಟ್ಟಣ, ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕ್ಷೆ. ಗಡಿಯಾರ ತಿರುಗಿಸಬೇಕಾಗಿಲ್ಲ, ಅಲ್ಲಿಯ ಸಮಯವೂ ನಮ್ಮದೇ.

## ಹಂತ 1: ದಿನದ ವೇಳಾಪಟ್ಟಿಯನ್ನು ಊಟದ ಸುತ್ತ ಕಟ್ಟಿ

ಬೆಳಿಗ್ಗೆ ಆರರಿಂದ ಎಂಟೂವರೆ: ಇಂದಿ ಆಪ್ಪ, ಅಂದರೆ ನಮ್ಮ ಒತ್ತು ಶಾವಿಗೆಯ ತೆಳ್ಳನೆಯ ಬಿಲ್ಲೆ. ಜೊತೆಗೆ ಅರಿಸಿನ ಹಾಕಿದ ತೆಂಗಿನಹಾಲಿನ ತೆಳು ಗೊಜ್ಜು ಕಿರಿ ಹೊದಿ ಮತ್ತು ತೆಂಗಿನತುರಿ-ಮೆಣಸಿನ ಚಟ್ನಿಯಂಥ ಪೊಲ್ ಸಂಬೋಲ. ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನದ ಕಿರಿಬತ್ ಕೂಡ ಈ ಹೊತ್ತಿನದೇ. ತಿಂಗಳ ಮೊದಲ ದಿನ ಅದನ್ನು ಮಾಡುವ ಮನೆ, ಅಂಗಡಿಗಳು ಹೆಚ್ಚು. ಸೊಪ್ಪಿನ ರಸದ ಗಂಜಿ ಕೊಳ ಕೆಂದ ಬೇಕಿದ್ದರೆ ಇನ್ನೂ ಬೇಗ ಏಳಬೇಕು, ಬೆಲ್ಲದ ತುಂಡು ಕಚ್ಚಿಕೊಂಡು ಕುಡಿಯುವಂಥದ್ದು.

ಮಧ್ಯಾಹ್ನ ಹನ್ನೆರಡರಿಂದ ಎರಡು: ಬತ್, ಅಂದರೆ ಅನ್ನ ಮತ್ತು ಪಲ್ಯ-ಗೊಜ್ಜುಗಳ ಪೂರ್ತಿ ಊಟ. ನಮ್ಮಲ್ಲಿ ಬಾತ್ ಎಂದರೆ ಕಲಸಿದ್ದು, ಅಲ್ಲಿ ಬತ್ ಪದದ ಅರ್ಥ ಬರೀ ಅನ್ನ, ಊಟಕ್ಕೂ ಅದೇ ಹೆಸರು. ಹನ್ನೆರಡೂಕಾಲಕ್ಕೆ ಹೋದರೆ ಎಲ್ಲ ಪಾತ್ರೆಯೂ ತುಂಬಿರುತ್ತದೆ. ಎರಡಕ್ಕೆ ಹೋದರೆ ಬೇಳೆ ಮತ್ತು ಆಲೂಗಡ್ಡೆ ಉಳಿದಿರುತ್ತದೆ. ಸಿಗಿರಿಯಾ ಬಂಡೆ ಹತ್ತುವುದಿದ್ದರೆ ಬೆಳಿಗ್ಗೆ ಏಳಕ್ಕೆ ಹತ್ತಿ ಇಳಿಯಿರಿ. ಹನ್ನೊಂದಕ್ಕೆ ಹತ್ತಲು ಶುರುಮಾಡಿದರೆ ಬಿಸಿಲೂ ಸುಡುತ್ತದೆ, ಊಟವೂ ತಪ್ಪುತ್ತದೆ.

ಸಂಜೆ ನಾಲ್ಕರಿಂದ ಐದೂವರೆ ಚಹಾ ಮತ್ತು ಕುರುಕಲಿನ ಹೊತ್ತು. ಬೇಕರಿ ಆಟೋ ಬೀಥೋವನ್ನನ 'ಫ್ಯೂರ್ ಎಲೀಸ್' ರಾಗ ಹಾಕಿಕೊಂಡು ಓಣಿಗೆ ಬರುತ್ತದೆ. ಅದಕ್ಕೆ ಚೂನ್ ಪಾನ್ ಎಂದು ಹೆಸರು. ಐಸ್‌ಕ್ರೀಮ್ ಗಾಡಿ ಎಂದುಕೊಂಡು ಬಿಡಬೇಡಿ.

ಸಂಜೆ ಆರರ ಮೇಲೆ ಆಪ್ಪ, ಅಂದರೆ ಬಟ್ಟಲಿನಾಕಾರದ ಅಕ್ಕಿಹಿಟ್ಟಿನ ದೋಸೆ, ಮತ್ತು ಕೊತ್ತು, ಅಂದರೆ ಕಾವಲಿಯ ಮೇಲೆ ತರಕಾರಿ, ಮೊಟ್ಟೆ ಅಥವಾ ಮಾಂಸದ ಜೊತೆ ಕೊಚ್ಚಿ ಹುರಿದ ರೊಟ್ಟಿ. ಮಧ್ಯಾಹ್ನ ಒಂದಕ್ಕೆ ಆಪ್ಪ ಕೊಡುವ ಅಂಗಡಿ ಬಹುಪಾಲು ಪ್ರವಾಸಿಗರಿಗಾಗಿಯೇ ಒಲೆ ಹೊತ್ತಿಸಿದ್ದು.

## ಹಂತ 2: ಪಂಚಾಂಗ ಮತ್ತು ಕಡಲು ನೋಡಿ

ಟಿಕೆಟ್ ಮಾಡಿಸುವ ಮೊದಲು ನೋಡಬೇಕಾದ ದಿನ ಏಪ್ರಿಲ್ 13-14. ಸಿಂಹಳ ಮತ್ತು ತಮಿಳು ಹೊಸ ವರ್ಷ. ಅಡುಗೆಯವರು, ಬಡಿಸುವವರು ಎಲ್ಲ ಊರಿಗೆ ಹೋಗಿ ಸಣ್ಣ ಅಂಗಡಿಗಳು ಕೆಲವೊಮ್ಮೆ ವಾರವಿಡೀ ತೆರೆಯುವುದಿಲ್ಲ. ಆ ದಿನಗಳಲ್ಲಿ ಒಳ್ಳೆಯ ತಿಂಡಿ ಇರುವುದು ಮನೆಗಳಲ್ಲಿ ಮಾತ್ರ. ಹಾಗಾಗಿ ಹೋದರೆ ಹೋಂಸ್ಟೇಯಲ್ಲೇ ಉಳಿಯಿರಿ.

ಪ್ರತಿ ಹುಣ್ಣಿಮೆ, ಅಲ್ಲಿಯ ಪೋಯ, ಸರ್ಕಾರಿ ರಜೆ. ಮದ್ಯದಂಗಡಿ, ಮಾಂಸದಂಗಡಿ ಮುಚ್ಚಿರುತ್ತವೆ. ಮೇ ತಿಂಗಳ ವೆಸಾಕ್ ಹುಣ್ಣಿಮೆಯಲ್ಲಿ ಅವು ಮುಚ್ಚಿದ್ದರೂ ಊಟಕ್ಕೆ ಕೊರತೆಯಿಲ್ಲ: ಬೀದಿಬೀದಿಯಲ್ಲಿ ದನ್ಸಲ್ ಎಂಬ ಚಪ್ಪರ ಹಾಕಿ ಯಾರೇ ಬಂದರೂ ಪುಕ್ಕಟೆ ಬಡಿಸುತ್ತಾರೆ. ಸಾಲಿನಲ್ಲಿ ನಿಲ್ಲಿ, ನಾಚಿಕೆ ಬೇಡ, ದುಡ್ಡು ಚಾಚಬೇಡಿ. ಮುಸ್ಲಿಮರು ನಡೆಸುವ ಅಂಗಡಿಗಳು ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮುಚ್ಚಿರುವುದುಂಟು. ಜಾಫ್ನಾದ ನಲ್ಲೂರು ಕಂದಸ್ವಾಮಿ ಉತ್ಸವ 25 ದಿನದ್ದು, ಹೆಚ್ಚಾಗಿ ಆಗಸ್ಟ್ ಸುಮಾರಿಗೆ ಬರುತ್ತದೆ. ಆಗ ದೇವಸ್ಥಾನದ ಸುತ್ತ ಸಸ್ಯಾಹಾರ ಹೇರಳ.

ಮೀನಿಗಾಗಿ ಹೋಗುವವರು ಮಾರುತ ನೋಡಿ ಕರಾವಳಿ ಆರಿಸಬೇಕು. ಮೇಯಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ-ದಕ್ಷಿಣದ ಕಡಲು ಒರಟು, ಸಣ್ಣ ದೋಣಿಗಳು ಇಳಿಯುವುದು ಕಡಿಮೆ. ಆಗ ಪೂರ್ವ ಕರಾವಳಿಯ ಟ್ರಿಂಕೊಮಲಿ, ಅರುಗಂ ಬೇ ಕಡೆ ಹೋಗಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ನೆಗೊಂಬೊ, ಗಾಲೆ, ಮಿರಿಸ್ಸಾ ಸರಿ.

## ಹಂತ 3: ಅಂಗಡಿ ಗುರುತಿಸಿ

ಬೋರ್ಡಿನಲ್ಲಿ 'ಹೋಟೆಲ್' ಎಂದಿದ್ದರೆ ನಮ್ಮೂರಿನ ಅರ್ಥವನ್ನೇ ತೆಗೆದುಕೊಳ್ಳಿ. ಕೋಣೆ ಇರುವುದಿಲ್ಲ, ಊಟ ಇರುತ್ತದೆ. ಬತ್ ಕಡೇ, ಅಂದರೆ ಅನ್ನದಂಗಡಿ, ಎಂದು ಕೇಳಿದರೂ ಅಲ್ಲಿಗೇ ಕಳಿಸುತ್ತಾರೆ.

ಹುಡುಕಬೇಕಾದ ಜಾಗ ಕಡಲತೀರದ ಮುಖಕ್ಕಲ್ಲ, ಎರಡು-ಮೂರು ಬೀದಿ ಒಳಗೆ: ಸರ್ಕಾರಿ ಆಸ್ಪತ್ರೆ, ಬಸ್ ಸ್ಟ್ಯಾಂಡ್, ತರಕಾರಿ ಮಾರುಕಟ್ಟೆ, ಜಿಲ್ಲಾ ಕಚೇರಿ. ಅಲ್ಲಿಯವರೂ ಅದನ್ನು ಕಚ್ಚೇರಿ ಎಂದೇ ಕರೆಯುತ್ತಾರೆ, ಕೇಳಲು ಸುಲಭ. ಗಾಲೆಯಲ್ಲಾದರೆ ಕೋಟೆಯಿಂದ ಹೊರಬಂದು ಬಸ್ ಸ್ಟ್ಯಾಂಡ್ ಕಡೆ ನಡೆಯಿರಿ. ಮಿರಿಸ್ಸಾದಲ್ಲಿದ್ದರೆ ಪಕ್ಕದ ವೆಲಿಗಾಮಕ್ಕೋ ಮಾತರಕ್ಕೋ ಬಸ್ಸು ಹತ್ತಿ.

ಒಳ್ಳೆಯ ಗುರುತು: ಹನ್ನೆರಡೂವರೆಗೆ ಕುತ್ತಿಗೆಯಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡವರ ಸಾಲು, ಹೊರಗೆ ನಾಲ್ಕಾರು ಆಟೋ, ಒಳಗೆ ಮಣ್ಣಿನ ಮಡಿಕೆಗಳ ಸಾಲು, ಕಟ್ಟಿಸಿಕೊಂಡು ಹೋಗುವ ಬತ್ ಪ್ಯಾಕೆಟ್‌ಗಳ ರಾಶಿ. ಆ ರಾಶಿ ಎಷ್ಟು ಬೇಗ ಕರಗುತ್ತದೆ ನೋಡಿ.

ಹಿಂದೆ ಸರಿಯಬೇಕಾದ ಗುರುತು: ಒಂದೇ ಮೆನುವಿನಲ್ಲಿ ಪಿಜ್ಜಾ, ಪಾಸ್ತಾ, ಬಟರ್ ಚಿಕನ್, ಕೊತ್ತು. ಬಾಗಿಲಲ್ಲಿ ನಿಂತು ಕೈಹಿಡಿದು ಕರೆಯುವವರು. ಪ್ರವಾಸಿ ಬಸ್ಸುಗಳು ಸಾಲಾಗಿ ನಿಂತ ಹೆದ್ದಾರಿ ಬಫೆ. ಅಂಥ ಬಫೆಯಲ್ಲಿ ಸ್ಟೀಲ್ ತಟ್ಟೆಯ ಕೆಳಗೆ ಬೆಂಕಿ ಇದೆಯೇ ಎಂದು ಬಗ್ಗಿ ನೋಡಿ. ಬಹಳ ಸಲ ಆರಿರುತ್ತದೆ. ತೆಂಗಿನಹಾಲಿನ ಪದಾರ್ಥ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಹೊಟ್ಟೆ ಕೆಡಲು ಬೇರೆ ಕಾರಣ ಬೇಡ.

ಆಟೋದವರನ್ನು ಕೇಳುವುದು ತಪ್ಪಲ್ಲ, ಕೇಳುವ ರೀತಿ ತಪ್ಪಾಗುತ್ತದೆ. "ಒಳ್ಳೆಯ ರೆಸ್ಟೋರೆಂಟಿಗೆ ಕರಕೊಂಡು ಹೋಗಿ" ಎಂದರೆ ಕಮಿಷನ್ ಕೊಡುವ ಕಡೆ ನಿಲ್ಲಿಸುವವರು ಇದ್ದೇ ಇರುತ್ತಾರೆ. "ಅಣ್ಣಾ, ನೀವು ಇವತ್ತು ಮಧ್ಯಾಹ್ನ ಎಲ್ಲಿ ಉಣ್ತೀರಿ?" ಎಂದು ಕೇಳಿ. ಅಣ್ಣನಿಗೆ ಸಿಂಹಳದಲ್ಲಿ ಅಯ್ಯಾ. ಉತ್ತರ ಬರುವ ಮುಂಚೆ ಒಂದು ನಗು ಬರುತ್ತದೆ, ಅದು ಬಂದರೆ ಸರಿಯಾದ ಪ್ರಶ್ನೆ ಕೇಳಿದ್ದೀರಿ.

## ಹಂತ 4: ತಟ್ಟೆ ತುಂಬಿಸಿಕೊಳ್ಳುವುದು

ಕೈ ತೊಳೆದು ಕೂತರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ತಟ್ಟೆ ಬರುತ್ತದೆ. ಕೆಲವು ಕಡೆ ಬಡಿಸುತ್ತಾರೆ, ಕೆಲವು ಕಡೆ ಪಾತ್ರೆಗಳ ಮುಂದೆ ನಿಂತು ಬೆರಳು ತೋರಿಸಬೇಕು. ಎರಡನೆಯದರಲ್ಲಿ ಕ್ರಮ ಹೀಗಿರಲಿ.

ಮೊದಲು ಅನ್ನ. ಕೆಂಪಕ್ಕಿ ಇದ್ದರೆ ಅದನ್ನೇ ಕೇಳಿ, ಈ ಪದಾರ್ಥಗಳ ಖಾರಕ್ಕೂ ತೆಂಗಿನ ಜಿಡ್ಡಿಗೂ ಅದು ಹೊಂದುತ್ತದೆ. ಆಮೇಲೆ ಪರಿಪ್ಪು, ತೆಂಗಿನಹಾಲಿನಲ್ಲಿ ಬೇಯಿಸಿದ ಮಸೂರ ಬೇಳೆ. ಆಮೇಲೆ ಒಂದು ಬಿಳಿ, ಒಂದು ಕೆಂಪು ಅಥವಾ ಕಪ್ಪು. ಬಿಳಿ ಎಂದರೆ ಖಾರ ಕಡಿಮೆ, ತೆಂಗಿನಹಾಲು ಹೆಚ್ಚು. ಕೆಂಪು ಎಂದರೆ ಮೆಣಸಿನಪುಡಿ. ಕಪ್ಪು ಎಂದರೆ ಕಂದು ಬರುವವರೆಗೆ ಹುರಿದ ಮಸಾಲೆ. ಎಳೆ ಹಲಸಿನ ಪೊಳೊಸ್ ಸಿಕ್ಕಿದರೆ ಬಿಡಬಾರದು. ಕೊನೆಗೆ ಒಂದು ಹಸಿರು: ಗೊಟುಕೊಳ ಸಂಬೋಲ. ಗೊಟುಕೊಳ ಎಂದರೆ ನಮ್ಮ ಒಂದೆಲಗ. ಸಣ್ಣಗೆ ಹೆಚ್ಚಿ ತೆಂಗಿನತುರಿ, ಈರುಳ್ಳಿ, ನಿಂಬೆರಸ ಹಾಕಿ ಹಸಿಯಾಗಿಯೇ ಕಲಸುತ್ತಾರೆ.

ಇಲ್ಲಿ ನಮ್ಮವರು ಮಾಡುವ ತಪ್ಪು ಎರಡು. ಒಂದು, ಸಾರು-ಮಜ್ಜಿಗೆ ಬರುತ್ತದೆಂದು ಅರ್ಧ ಅನ್ನ ಉಳಿಸಿಕೊಂಡು ಕೂರುವುದು. ಬರುವುದಿಲ್ಲ. ಎರಡು, ಒಂದೊಂದೇ ಪಲ್ಯ ಮುಗಿಸುತ್ತಾ ಹೋಗುವುದು. ಅಲ್ಲಿ ಪ್ರತಿ ತುತ್ತಿಗೂ ಎರಡು-ಮೂರು ಪದಾರ್ಥ ಸೇರಬೇಕು. ಬೇಳೆಯ ಮೆದು, ಸಂಬೋಲದ ಹುಳಿ-ಖಾರ, ಹಪ್ಪಳದ ಕರಕರ ಒಟ್ಟಿಗೇ ಬಾಯಿಗೆ ಹೋದರೆ ಮಾತ್ರ ಊಟದ ಲೆಕ್ಕ ಕೂಡುತ್ತದೆ.

ಅನ್ನ, ತರಕಾರಿಗೆ ಎರಡನೇ ಸಲ ಬಹಳ ಕಡೆ ದುಡ್ಡಿಲ್ಲ. ಮೀನು, ಕೋಳಿಯ ತುಂಡಿಗೆ ಬೇರೆ ಲೆಕ್ಕ. ಸಾಕು ಎನ್ನಲು "ಆ್ಯತಿ", ಖಾರ ಕಡಿಮೆ ಇರಲಿ ಎನ್ನಲು "ಸ್ಯಾರ ಅಡುವೆನ್".

ತಾಜಾತನ ನೋಡಲು ಪೊಲ್ ಸಂಬೋಲವೇ ಸಾಕು. ಈಗಷ್ಟೇ ತುರಿದು ಅರೆದದ್ದಾದರೆ ತುರಿ ಬಿಡಿಬಿಡಿಯಾಗಿ, ಒದ್ದೆಯಾಗಿ, ನಿಂಬೆಯ ವಾಸನೆ ಹೊಡೆಯುತ್ತದೆ. ಬೆಳಗಿನದ್ದು ಸಂಜೆಗೆ ಲೋಳೆಯಾಗಿ, ಬಣ್ಣ ಮಂಕಾಗಿ, ಹುಳಿ ಬದಲಾಗಿರುತ್ತದೆ. ಗೊಜ್ಜಿನ ಪಾತ್ರೆಯ ಅಂಚಿನಲ್ಲಿ ಸಣ್ಣ ನೊರೆ ಕಂಡರೆ ತೆಂಗಿನಹಾಲು ಹುಳಿಯತೊಡಗಿದೆ ಎಂದರ್ಥ. ಮೇಲೆ ಎಣ್ಣೆ ತೇಲುವುದು ಬೇರೆ, ಅದು ಕೆಟ್ಟದ್ದಲ್ಲ.

## ಹಂತ 5: ಸಸ್ಯಾಹಾರಿಗಳು ಉಂಬಲಕಡದ ಹೆಸರು ಕಲಿಯಿರಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಉಂಬಲಕಡ ಎಂದರೆ ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗೆ ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿ ಮಾಡಿದ ಟ್ಯೂನಾ ಜಾತಿಯ ಮೀನು, ಮಾಲ್ಡೀವ್ಸ್ ಮೀನು ಎಂದೇ ಹೆಸರು. ಅದನ್ನು ಕುಟ್ಟಿ ಚೂರು ಮಾಡಿ ನಾವು ಇಂಗು ಹಾಕಿದ ಹಾಗೆ ಹಾಕುತ್ತಾರೆ. ಬಹಳ ಅಡುಗೆಯವರ ಮನಸ್ಸಿನಲ್ಲಿ ಅದು ಮಸಾಲೆ, ಮೀನಲ್ಲ. ಆದ್ದರಿಂದ "ವೆಜಿಟೇರಿಯನ್ನಾ?" ಎಂದು ಕೇಳಿದರೆ ಪ್ರಾಮಾಣಿಕವಾಗಿಯೇ ಹೌದು ಎನ್ನುತ್ತಾರೆ.

ಅನುಮಾನ ಪಡಬೇಕಾದವು: ಪೊಲ್ ಸಂಬೋಲ, ಆಪ್ಪದ ಜೊತೆಯ ಲುಣು ಮಿರಿಸ್, ಸಿಹಿ ಈರುಳ್ಳಿಯ ಸೀನಿ ಸಂಬೋಲ, ಹುರಿದ ಆಲೂಗಡ್ಡೆ, ಸೊಪ್ಪಿನ ಪಲ್ಯ. ಬೇಳೆ ಹೆಚ್ಚಿನ ಕಡೆ ಸುರಕ್ಷಿತ, ಒಗ್ಗರಣೆಯನ್ನು ಮಾತ್ರ ಕೇಳಿಕೊಳ್ಳಿ. ಈರುಳ್ಳಿಯ ನಡುವೆ ಕಂದುಬಣ್ಣದ, ನಾರುನಾರಾದ, ಅಗಿದರೆ ಹೊಗೆ ವಾಸನೆ ಬರುವ ಚೂರು ಸಿಕ್ಕಿದರೆ ಅದೇ ಅದು.

ಕೇಳುವ ಕ್ರಮ: "ಉಂಬಲಕಡ ದಾನ್ನ ಎಪಾ", ಅಂದರೆ ಹಾಕಬೇಡಿ. ತಮಿಳು ಅಂಗಡಿಯಲ್ಲಿ ಅದನ್ನೇ ಮಾಸಿ ಎನ್ನುತ್ತಾರೆ, "ಮಾಸಿ ಪೋಡಾದೀಂಗ" ಎಂದರಾಯಿತು. ಆದರೆ ಬೆಳಿಗ್ಗೆಯೇ ಮಾಡಿಟ್ಟ ಸಂಬೋಲದಿಂದ ಅದನ್ನು ಯಾರೂ ತೆಗೆಯಲಾರರು, ಆಗ ಆ ಪದಾರ್ಥವನ್ನೇ ಬಿಡಿ. ಚೀಟಿಯಲ್ಲಿ ಬರೆಸಬೇಕಾದದ್ದು ಇಷ್ಟು: ಮಾಂಸ, ಮೀನು, ಮೊಟ್ಟೆ ಬೇಡ. ಉಂಬಲಕಡ, ಒಣಮೀನು, ಸೀಗಡಿ ಬೇಡ. ಕೋಳಿಯ ಗ್ರೇವಿ, ಸೂಪ್ ಕ್ಯೂಬ್ ಬೇಡ. ಹಾಲು, ಮೊಸರು ಆಗುತ್ತದೆ.

ಮೊಟ್ಟೆ ಇನ್ನೊಂದು ಬಲೆ. ವೆಜಿಟೆಬಲ್ ಕೊತ್ತುವಿನಲ್ಲೂ, ವೆಜಿಟೆಬಲ್ ಫ್ರೈಡ್ ರೈಸಿನಲ್ಲೂ ಕೇಳದಿದ್ದರೆ ಮೊಟ್ಟೆ ಬೀಳುತ್ತದೆ. ಬೇಕರಿಯ ತ್ರಿಕೋನ ಬನ್ ಬಹುತೇಕ ಮೀನಿನದು. ಕೊಲಂಬೊದ ಗಾಲೆ ಫೇಸ್ ಬಯಲಲ್ಲಿ, ರೈಲಿನಲ್ಲಿ ಮಾರುವ ಇಸ್ಸೋ ವಡೆಯ ಮೇಲೆ ಇಡೀ ಸೀಗಡಿ ಕೂತಿರುತ್ತದೆ. ಬೇಳೆ ವಡೆ ಬೇಕಿದ್ದರೆ ಪರಿಪ್ಪು ವಡೆ ಎಂದೇ ಕೇಳಿ. ಒಂದೇ ಎಣ್ಣೆಯಲ್ಲಿ ಕರಿದಿರಬಹುದು, ಅದು ನಿಮಗೆ ಆಗುತ್ತದೋ ಇಲ್ಲವೋ ನೀವೇ ತೀರ್ಮಾನಿಸಿ.

ಈ ತಲೆನೋವೇ ಬೇಡ ಎನ್ನುವವರಿಗೆ ದಾರಿ ಎರಡು. ಶೈವ ಕಡೈ ಎಂಬ ತಮಿಳು ಸಸ್ಯಾಹಾರಿ ಅಂಗಡಿಗಳು ಕೊಲಂಬೊದಲ್ಲಿ ವೆಳ್ಳವತ್ತೆಯ ಗಾಲೆ ರಸ್ತೆಯಲ್ಲಿ, ಪೆಟ್ಟಾ ಎಂಬ ಬಡಾವಣೆಯ ಸೀ ಸ್ಟ್ರೀಟ್ ಸುತ್ತ, ಹಾಗೆಯೇ ಜಾಫ್ನಾದಲ್ಲಿ ಇವೆ. ಇನ್ನೊಂದು ಹೆಲ ಬೊಜುನ್, ಕೃಷಿ ಇಲಾಖೆಯ ಆಸರೆಯಲ್ಲಿ ಹೆಂಗಸರೇ ಎದುರಲ್ಲೇ ಮಾಡಿಕೊಡುವ ತಿಂಡಿ ಮಳಿಗೆ. ಕ್ಯಾಂಡಿ ಬಳಿಯ ಗನ್ನೊರುವದಲ್ಲಿರುವುದು ಪೆರಾದೆನಿಯಾ ತೋಟ ನೋಡಲು ಹೋದವರಿಗೆ ಹತ್ತಿರ. ಕುರಕ್ಕನ್ ರೊಟ್ಟಿ ಕೇಳಿ, ಅದು ನಮ್ಮ ರಾಗಿಯೇ. ಇಲ್ಲಿಯ ತಿನಿಸು ಹೆಚ್ಚಾಗಿ ಸಸ್ಯಾಹಾರ, ಆದರೂ ಸಂಬೋಲದ ಪ್ರಶ್ನೆ ಕೇಳುವುದನ್ನು ಬಿಡಬೇಡಿ.

## ಹಂತ 6: ಸಂಜೆಯ ಆಪ್ಪ ಮತ್ತು ಕೊತ್ತು

ಆಪ್ಪವನ್ನು ಒಲೆಯ ಪಕ್ಕದಲ್ಲಿ ಕೂತು ತಿನ್ನಬೇಕು. ಅಂಚು ಗರಿಗರಿ ಇರುವುದು ಎರಡು-ಮೂರು ನಿಮಿಷ ಮಾತ್ರ. ಎಂಟು ಒಟ್ಟಿಗೆ ಹೇಳಿದರೆ ಕೊನೆಯ ನಾಲ್ಕು ಒದ್ದೆ ಬಟ್ಟೆಯಂತಾಗಿರುತ್ತವೆ. ಎರಡೆರಡೇ ಹೇಳಿ. ಮೊದಲೇ ಮಾಡಿ ಗಾಜಿನ ಪೆಟ್ಟಿಗೆಯಲ್ಲಿ ಒಂದರೊಳಗೊಂದು ಜೋಡಿಸಿಟ್ಟಿದ್ದರೆ ಬೇರೆ ಅಂಗಡಿ ನೋಡಿ. ಮೊಟ್ಟೆಯದು ಬಿತ್ತರ ಆಪ್ಪ.

ಕೊತ್ತು ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ, ಕಿವಿ ಇದ್ದರೆ ಸಾಕು. ಕಾವಲಿಯ ಮೇಲೆ ಎರಡು ತಗಡು ಬಡಿಯುವ ತಾಳ ಬೀದಿ ತುದಿಗೂ ಕೇಳುತ್ತದೆ. ಕೊಚ್ಚಿ ಹಾಕಿದ ಮೇಲೆ ಹಳೆ ರೊಟ್ಟಿ, ಹೊಸ ರೊಟ್ಟಿ ಗೊತ್ತಾಗುವುದಿಲ್ಲ, ಅದಕ್ಕೇ ಮೊದಲು ರೊಟ್ಟಿಯ ರಾಶಿ ನೋಡಿ. ಅಂಚು ಒಣಗಿ ಮುರಿಯುವಂತಿದ್ದರೆ ಬೇಡ. ಮಧ್ಯಾಹ್ನ ಉಳಿದ ಕೋಳಿಗೆ ಮರುಜನ್ಮ ಕೊಡುವ ಜಾಗವೂ ಇದೇ, ಆದ್ದರಿಂದ ಜನ ಹೆಚ್ಚಿರುವ ಅಂಗಡಿಯೇ ಲೇಸು. ಒಬ್ಬರ ಪ್ಲೇಟು ಇಬ್ಬರಿಗೆ ಧಾರಾಳ. ಡಾಲ್ಫಿನ್ ಕೊತ್ತು ಎಂಬ ಹೆಸರು ಕಂಡು ಗಾಬರಿಯಾಗಬೇಡಿ, ಅದರಲ್ಲಿ ಡಾಲ್ಫಿನ್ ಇರುವುದಿಲ್ಲ.

## ಹಂತ 7: ಮೀನು

ದಕ್ಷಿಣದಲ್ಲಿ ಕೇಳಬೇಕಾದದ್ದು ಅಂಬುಲ್ ತಿಯಲ್: ಟ್ಯೂನಾ ತುಂಡುಗಳಿಗೆ ಗೊರಕಾ ಮತ್ತು ಕಾಳುಮೆಣಸು ಹಚ್ಚಿ ನೀರಾರುವವರೆಗೆ ಬೇಯಿಸಿದ್ದು. ಗೊರಕಾ ನಮ್ಮ ಮಲೆನಾಡಿನ ಉಪ್ಪಾಗೆ. ಜಾಫ್ನಾದಲ್ಲಾದರೆ ಏಡಿ ಗೊಜ್ಜು.

ತೀರದ ರೆಸ್ಟೋರೆಂಟುಗಳಲ್ಲಿ ಮಂಜುಗಡ್ಡೆಯ ಮೇಲೆ ಮೀನು ಜೋಡಿಸಿಟ್ಟಿರುತ್ತಾರೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಆರಿಸಿದ ಮೇಲೆ ಎದುರಲ್ಲೇ ತೂಗಿಸಿ, ಬೆಲೆ ಕಿಲೋಗೋ 100 ಗ್ರಾಮಿಗೋ ಎಂದು ಕೇಳಿ, ಅಡುಗೆ ಖರ್ಚು ಸೇರಿದ ಒಟ್ಟು ಮೊತ್ತವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಜಗಳ ಬರುವುದೆಲ್ಲ ಈ ಒಂದು ನಿಮಿಷ ಉಳಿಸಿದ್ದಕ್ಕೆ.

ಟ್ಯೂನಾ ತಿನ್ನುವಾಗ ನಾಲಗೆ ಚುರುಗುಟ್ಟಿ, ಮೆಣಸಿಲ್ಲದೆಯೂ ಮೆಣಸು ಕಚ್ಚಿದಂತಾದರೆ ತಕ್ಷಣ ನಿಲ್ಲಿಸಿ. ತಂಪಿಲ್ಲದೆ ಬಿದ್ದಿದ್ದ ಮೀನಿನಲ್ಲಿ ಹಿಸ್ಟಮಿನ್ ಹೆಚ್ಚಿರುತ್ತದೆ, ಬೇಯಿಸಿದರೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ ತಲೆ ಸಿಡಿಯತೊಡಗಿದರೆ, ಉಸಿರಿಗೆ ತೊಂದರೆಯಾದರೆ ಆಸ್ಪತ್ರೆಗೆ ಹೊರಡಿ.

## ಹಂತ 8: ಉಳಿದ ಮನೆಯಲ್ಲೇ ಒಂದು ಊಟ

ರಾತ್ರಿ ಒಳ್ಳೆಯ ಅನ್ನದ ಊಟ ಸಿಗುವ ಜಾಗ ಎಂದರೆ ಗೆಸ್ಟ್‌ಹೌಸಿನ ಅಡುಗೆಮನೆ. ಆದರೆ ಬೆಳಿಗ್ಗೆ ಹತ್ತರೊಳಗೆ ಹೇಳಬೇಕು. ಕಾಯಿ ತುರಿದು, ಮೊದಲ ಹಾಲು ಎರಡನೇ ಹಾಲು ಬೇರೆ ಬೇರೆ ಹಿಂಡಿ, ಐದಾರು ಪದಾರ್ಥ ಮಾಡುವ ಕೆಲಸ ಅದು. ಸಂಜೆ ಆರಕ್ಕೆ ಹೇಳಿದರೆ ಫ್ರೈಡ್ ರೈಸೇ ಬರುತ್ತದೆ. "ನಿಮ್ಮ ಮನೆಗೆ ಮಾಡಿದ ಹಾಗೇ ಮಾಡಿ, ಅಕ್ಕ" ಎಂದು ಒಂದು ಮಾತು ಸೇರಿಸಿ. ಅಕ್ಕ ಎಂಬುದು ಸಿಂಹಳದಲ್ಲೂ ಅಕ್ಕಾ. ವಿದೇಶದವರೆಂದು ಖಾರ, ಹುಳಿ ತೆಗೆದು ಸಪ್ಪೆ ಮಾಡುವುದು ಆ ಮಾತಿನಿಂದ ನಿಲ್ಲುತ್ತದೆ. ಎಷ್ಟು ಪದಾರ್ಥ, ತಲೆಗೆ ಎಷ್ಟು ದುಡ್ಡು, ಆಗಲೇ ಕೇಳಿಬಿಡಿ.

ಸಿಹಿಗೆ ಮಡಿಕೆಯ ಎಮ್ಮೆ ಮೊಸರು ಮತ್ತು ಕಿತುಲ್ ಪಾನಿ, ಅಂದರೆ ಕಿತುಲ್ ಮರದ ರಸ ಕಾಯಿಸಿದ ಪಾಕ. ಕಿತುಲ್ ನಮ್ಮ ಬೈನೆ ಮರ. ದಕ್ಷಿಣದ ರಸ್ತೆಬದಿಯಲ್ಲಿ ಮಡಿಕೆಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ಬೆಳಗಿನ ಮಡಿಕೆ ಆರಿಸಿ. ಮಧ್ಯಾಹ್ನದ ಬಿಸಿಲಲ್ಲಿ ನೇತಾಡಿದ್ದು ಹುಳಿಯಾಗಿ ನೀರು ಬಿಟ್ಟಿರುತ್ತದೆ.

## ಹಂತ 9: ಬಿಲ್ಲು

ಚಹಾದಂಗಡಿಯಲ್ಲಿ ಕೂತೊಡನೆ ಕೇಳದೆಯೇ ಹತ್ತು-ಹನ್ನೆರಡು ಕುರುಕಲು ತುಂಬಿದ ತಟ್ಟೆ ಮುಂದೆ ಇಡುತ್ತಾರೆ. ಮೋಸವಲ್ಲ, ಪದ್ಧತಿ. ತಿಂದಷ್ಟಕ್ಕೆ ಮಾತ್ರ ದುಡ್ಡು, ಎಣಿಸಿಕೊಂಡು ತಿನ್ನಿ. ಎಲ್ಲವನ್ನೂ ಮುಟ್ಟಿ ಇಡಬೇಡಿ, ಉಳಿದದ್ದು ಮುಂದಿನ ಮೇಜಿಗೆ ಹೋಗುತ್ತದೆ. ಅದೇ ಕಾರಣಕ್ಕೆ ನೀವೂ ಬಿಸಿ ಇರುವುದನ್ನೇ ಆರಿಸಿ, ತಣ್ಣಗಿದ್ದರೆ ಒಳಗಿನಿಂದ ಬೇರೆ ತರಿಸಿ.

ದೊಡ್ಡ ರೆಸ್ಟೋರೆಂಟಿನ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡು ಗುರುತು ಇದ್ದರೆ ಸಾಮಾನ್ಯವಾಗಿ 10% ಸೇವಾ ಶುಲ್ಕ ಮತ್ತು ವ್ಯಾಟ್ ಆಮೇಲೆ ಸೇರುತ್ತದೆ. ವ್ಯಾಟ್ 2024ರ ಜನವರಿಯಿಂದ 18%. ಸಣ್ಣ ಅಂಗಡಿಯಲ್ಲಿ ಇದ್ಯಾವುದೂ ಇಲ್ಲ.

ಬೆಲೆ ಸರಿಯೋ ಹೆಚ್ಚೋ ಎಂದು ತಿಳಿಯಲು ಊರಿಗೆ ಹೋದ ಮೊದಲ ದಿನವೇ ಬಸ್ ಸ್ಟ್ಯಾಂಡಿನಲ್ಲಿ ಒಂದು ತರಕಾರಿ ಬತ್ ಪ್ಯಾಕೆಟ್ಟಿಗೆ "ಕೀಯದ?" ಎಂದು ಕೇಳಿಡಿ. ಅದೇ ನಿಮ್ಮ ಅಳತೆಗೋಲು. ಅದರ ಎರಡು-ಮೂರು ಪಟ್ಟಿನೊಳಗೆ ಕೂತು ಉಂಡರೆ ಸರಿ, ಆರು ಪಟ್ಟಾದರೆ ನೀವು ದುಡ್ಡು ಕೊಟ್ಟಿದ್ದು ಕಡಲ ನೋಟಕ್ಕೆ. ಮೆನು ಇಲ್ಲದ ಕಡೆ ಕೂರುವ ಮೊದಲೇ ಕೇಳಿ. ಉಂಡಾದ ಮೇಲೆ ಕೇಳಿದರೆ ಅಂಗಡಿಯವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಬೆಲೆ ಹೇಳುತ್ತಾರೆ.